ಡ್ರೋನಿನ ತೋಳು ಕತ್ತರಿಸಬೇಡ, ಬುಡದಲ್ಲೇ ಮಡಚು

ಪುಟ್ಟಾ, ನಿನ್ನ ಮೆಸೇಜ್ ಓದಿದೆ, ಫೋಟೋನೂ ನೋಡಿದೆ. ಹಬ್ಬಕ್ಕೆ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಬರಬೇಕು, ಡ್ರೋನಿನ ಡಬ್ಬ ಸೀಟಿನ ಕೆಳಗೆ ಹಿಡಿಸುವುದಿಲ್ಲ, ಅದಕ್ಕೆ ನಾಲ್ಕೂ ತೋಳನ್ನು ಮಧ್ಯಕ್ಕೆ ಕತ್ತರಿಸಿ ಕೀಲು ಕೂರಿಸುತ್ತೇನೆ ಅಂದಿದ್ದೀಯ. ಗರಗಸ ಕೆಳಗಿಡು. ಈ ಫ್ರೇಮನ್ನು ನೀನೇ ಕೂತು ಕಟ್ಟಿದ್ದು, ಚೆನ್ನಾಗಿ ಕಟ್ಟಿದ್ದೀಯ. ಹಾಳು ಮಾಡಿಕೊಳ್ಳಬೇಡ. ಟೈಪ್ ಮಾಡುತ್ತಾ ಉದ್ದವಾದರೆ ಗ್ರೂಪಿನ ಉಳಿದವರು ಬೇಜಾರಾಗಬೇಡಿ.

ನಿನ್ನದು 450 ಸೈಜಿನ ಫ್ರೇಮ್. ಎದುರುಬದುರಿನ ಮೋಟಾರುಗಳ ನಡುವೆ 450 ಮಿ.ಮೀ., ಪಕ್ಕಪಕ್ಕದವುಗಳ ನಡುವೆ ಸುಮಾರು 32 ಸೆಂ.ಮೀ. ಅಷ್ಟೇ. ಡಬ್ಬ ದೊಡ್ಡದಾಗಿರುವುದು 10 ಇಂಚಿನ ಪ್ರೊಪೆಲ್ಲರುಗಳಿಂದ. ಅವು ಸಮೇತ ಅಳೆದರೆ ಒಂದೊಂದು ಕಡೆಗೂ 57 ಸೆಂ.ಮೀ. ಬೇಕು. ಬಿಚ್ಚಿಟ್ಟರೆ 36ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟಕ್ಕೇ ನಿನ್ನ ಬ್ಯಾಗಿಗೆ ಹಿಡಿಸಿದರೆ ಮುಂದಿನದು ಏನೂ ಬೇಡ.

ಹಿಡಿಸದಿದ್ದರೆ ಮಡಚೋಣ, ಆದರೆ ಬುಡದಲ್ಲಿ. ಬಾಗಿಸುವ ಬಲ ಬುಡದಲ್ಲೇ ಜಾಸ್ತಿ ಅಲ್ವಾ ಅಂತ ನೀನು ಕೇಳುತ್ತೀಯ. ಹೌದು, ಜಾಸ್ತಿ. ಆದರೆ ಅಲ್ಲಿ ಡ್ರೋನಿನ ನಡುಭಾಗದ ಮೇಲೊಂದು ಕೆಳಗೊಂದು ಪ್ಲೇಟು ತೋಳನ್ನು ಬಿಗಿಯಾಗಿ ಹಿಡಿದಿವೆ. ಮಧ್ಯದಲ್ಲಿ ಆ ಆಸರೆ ಇಲ್ಲ, ಎಲ್ಲ ಹೊರೆ ಒಂದು ಚಿಕ್ಕ ಕೀಲಿನ ಮೇಲೆ ಬೀಳುತ್ತದೆ. ಕೀಲು ಚೂರು ತಿರುಚಿಕೊಂಡರೂ ಮೋಟಾರು ಓರೆಯಾಗುತ್ತದೆ. ಆಗ ಡ್ರೋನ್ ತನ್ನಷ್ಟಕ್ಕೆ ತಿರುಗಲು ನೋಡುತ್ತದೆ, ಹಾರಾಟ ನಿಯಂತ್ರಿಸುವ ಬೋರ್ಡು, ಅಂದರೆ ಫ್ಲೈಟ್ ಕಂಟ್ರೋಲರ್, ಅದನ್ನು ತಡೆಯುತ್ತಾ ಹೆಣಗುತ್ತಲೇ ಇರುತ್ತದೆ.

ಫೋಟೋದಲ್ಲಿ ಒಂದೊಂದು ತೋಳಿಗೂ ಎರಡೆರಡು ಬೋಲ್ಟು ಕಾಣುತ್ತಿವೆ. ಅದು ನಮ್ಮ ಅದೃಷ್ಟ. ಪ್ಲೇಟಿನ ಅಂಚಿನ ಕಡೆಯ ಬೋಲ್ಟು ಹಾಗೇ ಇರಲಿ, ತೋಳು ಅದರ ಮೇಲೆ ತಿರುಗುತ್ತದೆ. ಒಳಗಿನ ಬೋಲ್ಟು ಬೀಗ, ಮಡಚುವಾಗ ಅದನ್ನು ಮಾತ್ರ ತೆಗೆದು, ಬಿಡಿಸಿದ ಮೇಲೆ ಮತ್ತೆ ಹಾಕುವುದು. ಮುಂದಿನ ಎರಡು ತೋಳು ಮುಂದಕ್ಕೆ, ಹಿಂದಿನ ಎರಡು ಹಿಂದಕ್ಕೆ ತಿರುಗಿದರೆ ಇಡೀ ಡ್ರೋನ್ ಸುಮಾರು 45 ಸೆಂ.ಮೀ. ಉದ್ದ, ಒಂದು ಗೇಣಿಗಿಂತ ಕಮ್ಮಿ ಅಗಲ ಆಗುತ್ತದೆ. ತಿರುಗುವಾಗ ತೋಳುಗಳ ಒಳತುದಿ ಒಂದಕ್ಕೊಂದು ತಾಗಬಹುದು, ಪ್ಲೇಟುಗಳ ನಡುವಿನ ಕಂಬವೂ ಅಡ್ಡ ಬರಬಹುದು. ಮೊದಲು ರಟ್ಟಿನಲ್ಲಿ ಅದೇ ಅಳತೆಗೆ ಕತ್ತರಿಸಿ, ಗುಂಡುಪಿನ್ನು ಚುಚ್ಚಿ ತಿರುಗಿಸಿ ನೋಡು.

ಕೆಲಸದ ಜೀವ ಇರುವುದು ತೂತುಗಳಲ್ಲಿ. 4 ಮಿ.ಮೀ. ಬೋಲ್ಟಿಗೆ 4 ಮಿ.ಮೀ. ತೂತೇ ಇರಬೇಕು, ನಾಲ್ಕೂವರೆ ಆದರೆ ಅಲುಗಾಟ ಗ್ಯಾರಂಟಿ. ನಿನ್ನ ತೋಳು ಟೊಳ್ಳು ಅಲ್ಯುಮಿನಿಯಂ ಚೌಕ ಪೈಪು. ಸುಮ್ನೆ ಬಿಗಿದರೆ ಪೈಪು ಅಪ್ಪಚ್ಚಿಯಾಗುತ್ತದೆ. ಬಿಗಿಯದೆ ಬಿಟ್ಟರೆ ಹಳೇ ಅಡಕತ್ತರಿಯ ಹಾಗೆ ತೂತು ಸವೆದು ಲೊಡಲೊಡ ಅನ್ನುತ್ತದೆ. ಎರಡಕ್ಕೂ ಮದ್ದು ಒಂದೇ. ಪೈಪಿನ ಒಳಗೆ, ಬೋಲ್ಟಿನ ಸುತ್ತ, ಒಂದು ಹಿತ್ತಾಳೆ ಬುಷ್ (ಚಿಕ್ಕ ಕೊಳವೆ) ಕೂರಿಸು. ಅದರ ಉದ್ದ ಪೈಪಿನ ಒಳ ಎತ್ತರಕ್ಕೆ ಸರಿಯಾಗಿರಲಿ. ಆಗ ಬಿಗಿತದ ಭಾರ ಬುಷ್ ಮೇಲೆ ಹೋಗುತ್ತದೆ. ತಿರುಗುವ ಬೋಲ್ಟಿಗೆ ನೈಲಾಕ್ ನಟ್ಟು, ಅಂದರೆ ಒಳಗೆ ನೈಲಾನ್ ಬಳೆ ಇರುವ ನಟ್ಟು, ಹಾಕು. ಬೀಗದ ಬೋಲ್ಟಿಗೆ ಬೇಡ, ಪದೇಪದೇ ಬಿಚ್ಚಿ ಹಾಕಿದರೆ ಒಳಗಿನ ನೈಲಾನ್ ಹಿಡಿತ ಬಿಡುತ್ತದೆ. ಅಲ್ಲಿಗೆ ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟು, ಕೆಳಗೊಂದು ಸ್ಪ್ರಿಂಗ್ ವಾಷರ್. ಎಲ್ಲಾ ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಸಿಗುತ್ತವೆ.

ತೋಳನ್ನು ಪೂರ್ತಿ ಬಿಚ್ಚಿಡೋಣ ಅಂತ ನಿಮ್ಮಪ್ಪ ಹೇಳಿದ್ದು ತಪ್ಪಲ್ಲ, ಆದರೆ ಪ್ರತಿ ಸಲ ಮೋಟಾರಿನ ಮೂರು ವೈರೂ ಬಿಚ್ಚಬೇಕು. ಮತ್ತೆ ಜೋಡಿಸುವಾಗ ಯಾವುದಾದರೂ ಎರಡು ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ, ಮೇಲೇಳುವಾಗಲೇ ಡ್ರೋನ್ ಮಗುಚುತ್ತದೆ. ಮಡಚಿದರೆ ಆ ಭಯ ಇಲ್ಲ. ವೈರು ಮಾತ್ರ ತಿರುಗುವ ಬೋಲ್ಟಿನ ಪಕ್ಕದಲ್ಲೇ ಹಾಯಲಿ, ಸ್ವಲ್ಪ ಸಡಿಲ ಬಿಡು.

ಎಲ್ಲಾ ಆದ ಮೇಲೆ ಪ್ಲೇಟು ಹಿಡಿದು ಒಂದೊಂದು ಮೋಟಾರನ್ನೂ ಅಲುಗಾಡಿಸು. ಕಟಕಟ ಅಂದರೆ ಹಾರಿಸಬೇಡ. ನಿನ್ನ ಫ್ಲೈಟ್ ಕಂಟ್ರೋಲರಿನಲ್ಲಿರುವ ಸಾಫ್ಟ್‌ವೇರ್ ಆರ್ಡುಪೈಲಟ್ ತಾನೇ? ಬಯಲಿನಲ್ಲಿ ತಲೆಮಟ್ಟಕ್ಕೆ ಸ್ವಲ್ಪ ಹೊತ್ತು ನಿಲ್ಲಿಸಿ, ಅದು ಬರೆದಿಟ್ಟ ಹಾರಾಟದ ದಾಖಲೆಯಲ್ಲಿ (ಲಾಗ್) ವೈಬ್ರೇಷನ್, ಅಂದರೆ ಅದುರಾಟ, ಎಷ್ಟಿದೆ ನೋಡು. ಆ ಅಂಕಿ (ಮೀ/ಸೆ²) 30ರ ಕೆಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 60 ದಾಟಿದರೆ ಕೀಲು ಬಿಚ್ಚಿ ಮತ್ತೆ ಕೂರಿಸಲೇಬೇಕು, ಇಲ್ಲದಿದ್ದರೆ ಎತ್ತರ ಹಿಡಿದು ನಿಲ್ಲುವುದೇ ತಪ್ಪುತ್ತದೆ. ಜಿಪಿಎಸ್ ಕಂಬ ಬಿಚ್ಚಿದ್ದರೆ ಅದರ ಬಾಣದ ಗುರುತು ಮತ್ತೆ ಮುಂದಕ್ಕೇ ಇರಬೇಕು. ಊರಿಗೆ ಬಂದ ಮೇಲೆ ದಿಕ್ಸೂಚಿ ಕ್ಯಾಲಿಬ್ರೇಷನ್ನೂ ಮಾಡು.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ತರಬೇಡ. ಒಂದೊಂದು ಸೆಲ್ಲಿಗೂ 3.8 ವೋಲ್ಟ್ ಆಸುಪಾಸು ಇಟ್ಟು, ಬೆಂಕಿ ತಡೆಯುವ ಚೀಲದಲ್ಲಿ ಹಾಕಿ ನಿನ್ನ ಹತ್ತಿರವೇ ಇಟ್ಟುಕೋ. ಬಸ್ಸಿನ ಡಿಕ್ಕಿಗೆ ಬೇಡ. ಇಲ್ಲಿಗೆ ಬಂದ ಮೇಲೆ ಚಾರ್ಜ್ ಮಾಡೋಣ.

ಬೋಲ್ಟು ಕೊಳ್ಳುವ ಮೊದಲು ಪ್ಲೇಟಿನ ಅಳತೆ, ಪೈಪಿನ ಅಳತೆ ಎರಡೂ ಇಲ್ಲೇ ಹಾಕು. ತೂತು ಎಲ್ಲಿ ಬರಬೇಕು ಅಂತ ಚಿತ್ರ ಬರೆದು ರಾತ್ರಿಯೊಳಗೆ ಕಳಿಸುತ್ತೇನೆ.