ಐರ್ಲೆಂಡಿನ ಶಾಲಾ ಉಡುಪು: ಜಿಮ್‌ಸ್ಲಿಪ್, ಪಿನಾಫೋರ್, ಜಂಪರ್‌ಗೆ ಕನ್ನಡದಲ್ಲಿ ಏನನ್ನಬೇಕು?

ಪ್ರಶ್ನೆ: 20ನೇ ಶತಮಾನದ ಐರಿಶ್ ಶಾಲೆಗಳ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹುಡುಗಿಯರ ಉಡುಪಿಗೆ ಜಿಮ್‌ಸ್ಲಿಪ್, ಪಿನಾಫೋರ್, ಜಂಪರ್ ಎಂಬ ಹೆಸರುಗಳಿವೆ. ಎಲ್ಲಕ್ಕೂ ‘ಲಂಗ’ ಎಂದರೆ ನಡೆದೀತೇ? ‘ನ್ಯಾಷನಲ್ ಸ್ಕೂಲ್’ ಅನ್ನು ‘ರಾಷ್ಟ್ರೀಯ ಶಾಲೆ’ ಎನ್ನಬಹುದೇ? ತಿಳಿದವರು ಹೇಳಿ.

ಉತ್ತರ: ಈ ಮೂರರಲ್ಲಿ ಯಾವುದಕ್ಕೂ ‘ಲಂಗ’ ಹೊಂದದು. ಲಂಗ ಸೊಂಟದಿಂದ ಕೆಳಗಿನದು. ಜಿಮ್‌ಸ್ಲಿಪ್ ಹೆಗಲಿನಿಂದ ಇಳಿಯುವ, ತೋಳಿಲ್ಲದ ಉಡುಪು. ‘ಸ್ಲಿಪ್’ ಕಂಡು ‘ಒಳಲಂಗ’ ಎಂದು ಬರೆದರಂತೂ ಪೂರಾ ತಪ್ಪು. ಎದೆಯ ಮೇಲೆ ಚೌಕನೆಯ ಯೋಕ್ (ಹೆಗಲು-ಎದೆ ಮುಚ್ಚುವ ಮೇಲ್ಭಾಗದ ತುಂಡು), ಅದರಿಂದ ಇಳಿಬಿಟ್ಟ ಅಗಲವಾದ ಬಾಕ್ಸ್ ಪ್ಲೀಟ್‌ಗಳು (ಎರಡೂ ಬದಿಗೆ ಮಡಿಸಿದ ನೆರಿಗೆಗಳು), ನಡುವಿಗೊಂದು ಪಟ್ಟಿ. ಬಟ್ಟೆ ಹೆಚ್ಚಾಗಿ ಸರ್ಜ್ ಎಂಬ ಕಡುನೀಲಿಯ ಗಟ್ಟಿ ಉಣ್ಣೆಬಟ್ಟೆ. ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಲು ಕೆಳಗೆ ದೊಡ್ಡ ಮಡಿಕೆ ಬಿಟ್ಟು ಹೊಲಿಯುತ್ತಿದ್ದರು. ಬಿಚ್ಚಿದ ಮೇಲೂ ಹಳೆಯ ಗೆರೆ ಹೋಗುತ್ತಿರಲಿಲ್ಲ, ಕೂತು ಎದ್ದು ಹಿಂಭಾಗ ಮಿರುಗತೊಡಗುತ್ತಿತ್ತು. 19ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ವ್ಯಾಯಾಮಕ್ಕೆಂದು ಹುಟ್ಟಿದ್ದರಿಂದ ಆ ಹೆಸರು. ಆದರೆ ಐರ್ಲೆಂಡಿನ ಕಾನ್ವೆಂಟುಗಳಲ್ಲಿ ಅದೇ ಇಡೀ ದಿನದ ಸಮವಸ್ತ್ರವಾಗಿತ್ತು, ಹಾಗಾಗಿ ‘ವ್ಯಾಯಾಮದ ಉಡುಪು’ ಎಂದರೂ ದಾರಿ ತಪ್ಪುತ್ತದೆ. ‘ಜಿಮ್‌ಸ್ಲಿಪ್’ ಎಂದೇ ಇಟ್ಟು, ಮೊದಲ ಸಲ ಮಾತ್ರ ‘ತೋಳಿಲ್ಲದ ನೆರಿಗೆ ಉಡುಪು’ ಎಂದು ಬಿಡಿಸಿ ಹೇಳಿ. ಅದರೊಳಗಿನ ಬ್ಲೌಸನ್ನು ‘ಷರ್ಟು’ ಎನ್ನಿ. ಇಲ್ಲವಾದರೆ ನಮ್ಮ ಓದುಗರ ಕಣ್ಣಿಗೆ ರವಿಕೆ ಬರುತ್ತದೆ.

ಪಿನಾಫೋರ್‌ಗೆ ಇಸವಿ ನೋಡಲೇಬೇಕು. 1900ರ ಆಸುಪಾಸಿನದಾದರೆ ಅದು ಫ್ರಾಕು ಕೊಳೆಯಾಗದಂತೆ ಮೇಲೆ ತೊಟ್ಟು ಹಿಂದೆ ಕಟ್ಟುವ, ಹೆಚ್ಚಾಗಿ ಬಿಳಿಯ, ಏಪ್ರನ್. 1970ರ ಹೊತ್ತಿನದಾದರೆ ನಮ್ಮ ಶಾಲೆಗಳ ಪಿನಾಫೋರ್ ಥರದ್ದೇ, ಹಾಗೇ ಬಿಡಿ.

ಜಂಪರ್ ಎಂದರೆ ಅಲ್ಲಿ ಸ್ವೆಟರ್. ನಮ್ಮಲ್ಲಿ ಹಿರಿಯರು ರವಿಕೆಗೆ ‘ಜಂಪರ್’ ಎನ್ನುವುದುಂಟು, ಅಮೆರಿಕದಲ್ಲಿ ಅದು ತೋಳಿಲ್ಲದ ಫ್ರಾಕು. ಅನುಮಾನವಿಲ್ಲದೆ ‘ಸ್ವೆಟರ್’ ಎಂದು ಬರೆಯಿರಿ.

‘ರಾಷ್ಟ್ರೀಯ ಶಾಲೆ’ ಬೇಡ. ನಮಗೆ ಅದು ಸ್ವದೇಶಿ ಚಳವಳಿಯ ಶಾಲೆಗಳನ್ನು ನೆನಪಿಸುತ್ತದೆ. ಅಲ್ಲಿಯದು 1831ರಲ್ಲಿ ಬ್ರಿಟಿಷ್ ಆಳ್ವಿಕೆಯೇ ಶುರುಮಾಡಿದ ವ್ಯವಸ್ಥೆ. ‘ಪ್ರಾಥಮಿಕ ಶಾಲೆ’ ಸಾಕು. 20ನೇ ಶತಮಾನದ ಮೊದಲರ್ಧದಲ್ಲಿ ಹಳ್ಳಿಯ ಇಂಥ ಶಾಲೆಗಳಲ್ಲಿ ಸಮವಸ್ತ್ರ ಅಪರೂಪ, ಬೇಸಿಗೆಯಲ್ಲಿ ಮಕ್ಕಳು ಬರಿಗಾಲಲ್ಲೇ ಬರುತ್ತಿದ್ದರು. ‘ಮಕ್ಕಳ ಉಡುಪು’ ಎಂಬ ಕಡೆಯಲ್ಲೆಲ್ಲ ‘ಸಮವಸ್ತ್ರ’ ಎಂದು ಹಾಕಬೇಡಿ. ಹುಡುಗರಿಗೆ ಚಡ್ಡಿ. ಪಶ್ಚಿಮದ ಕಾನಮಾರಾ, ಅರಾನ್ ದ್ವೀಪಗಳಲ್ಲಿ ಮಾತ್ರ 20ನೇ ಶತಮಾನದ ಆರಂಭದಲ್ಲೂ ಚಿಕ್ಕ ಹುಡುಗರು ಉಣ್ಣೆಯ ಲಂಗ ಉಡುತ್ತಿದ್ದರು. ನಿಮ್ಮ ‘ಲಂಗ’ ಸಲ್ಲುವುದು ಅಲ್ಲಿ.

ಇನ್ನು ‘ಕಾನ್ವೆಂಟ್’. ನಮ್ಮಲ್ಲಿ ಯಾವ ಇಂಗ್ಲಿಷ್ ಮಾಧ್ಯಮದ ಶಾಲೆಯೂ ಕಾನ್ವೆಂಟೇ. ಅಲ್ಲಿ ಅದು ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆ, ಹಾಗೆಂದು ಒಮ್ಮೆ ಸ್ಪಷ್ಟಪಡಿಸಿ. 1967ರಲ್ಲಿ ಉಚಿತ ಪ್ರೌಢಶಿಕ್ಷಣ ಬರುವವರೆಗೆ ಸಾಮಾನ್ಯವಾಗಿ ಪ್ರೌಢಶಾಲೆಗೆ ಶುಲ್ಕವಿತ್ತು. ಅದಕ್ಕೂ ಹಿಂದಿನ ಫೋಟೋದಲ್ಲಿ ಪ್ರೌಢಶಾಲೆಯ ಜಿಮ್‌ಸ್ಲಿಪ್ ತೊಟ್ಟ ಹುಡುಗಿ ಕಂಡರೆ, ಆ ಶುಲ್ಕ ಕಟ್ಟುವ ಶಕ್ತಿಯಿದ್ದ ಮನೆಯವಳೋ ವಿದ್ಯಾರ್ಥಿವೇತನ ಪಡೆದವಳೋ ಎಂಬುದನ್ನೂ ಅನುವಾದಕರು ಗಮನಿಸಬೇಕು.