ಮಕ್ಕಳಿಗೊಂದು ಆಟ ಬೇಕೆಂದರೆ ಬೌಲ್ಸ್ ಕ್ಲಬ್ಬಿಗೂ ಹೋಗಿ ನೋಡಿ

ಮೆಲ್ಬರ್ನಿಗೆ ಹೊಸದಾಗಿ ಬಂದು, ಮಗಳನ್ನು ಯಾವ ಆಟಕ್ಕೆ ಸೇರಿಸಲಿ ಎಂದು ಕೇಳಿದವರಿಗೆ ಎಲ್ಲರೂ ಈಜು, ಕ್ರಿಕೆಟ್ ಎಂದಿದ್ದೀರಿ. ನನ್ನ ಸಲಹೆ ಲಾನ್ ಬೌಲ್ಸ್: ಹುಲ್ಲುಹಾಸಿನ ಮೇಲೆ ಭಾರದ ಚೆಂಡು ಉರುಳಿಸಿ, ಗುರಿಯ ಪುಟ್ಟ ಚೆಂಡಿನ ಹತ್ತಿರ ನಿಲ್ಲಿಸುವ ಆಟ. ನಗಬೇಡಿ. ನಮ್ಮವರಲ್ಲಿ ಅನೇಕರಿಗೆ ಬೌಲ್ಸ್ ಕ್ಲಬ್ ಎಂದರೆ ನಾಮಕರಣಕ್ಕೆ ಬಾಡಿಗೆಗೆ ಸಿಗುವ ಹಾಲ್. ಪಕ್ಕದ ಹುಲ್ಲುಹಾಸಿಗೆ ಕಾಲಿಟ್ಟವರು ಕಡಿಮೆ.

ಜನರನ್ನು ದೂರವಿಡುವುದು ಈ ಆಟದ ಹಳೆಯ ಚಾಳಿ. 1541ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಕಾಲದ ಕಾನೂನು ಕೂಲಿಕಾರರು, ಕುಶಲಕರ್ಮಿಗಳು ಕ್ರಿಸ್‌ಮಸ್ ಬಿಟ್ಟು ಬೇರೆ ದಿನ ಬೌಲ್ಸ್ ಆಡಕೂಡದೆಂದಿತು. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಜಮೀನಿದ್ದವರಿಗೆ ಮಾತ್ರ ಪರವಾನಗಿ. ಆ ನಿರ್ಬಂಧ ತೊಲಗಿದ್ದು 1845ರಲ್ಲಿ. ಅದೇ ವರ್ಷ ಟಾಸ್ಮೇನಿಯಾದ ಹೋಬಾರ್ಟ್‌ನ ಸ್ಯಾಂಡಿ ಬೇಯಲ್ಲಿ ಈ ದೇಶದ, ದಾಖಲಾದ ಮೊದಲ ಆಟ ನಡೆಯಿತು. ನಮ್ಮ ವಿಂಡ್ಸರ್‌ ಬಡಾವಣೆಯಲ್ಲಿರುವ ಮೆಲ್ಬರ್ನ್ ಬೌಲಿಂಗ್ ಕ್ಲಬ್ 1864ರದ್ದು. ಇಲ್ಲಿಯೂ ಅಪ್ಪಟ ಬಿಳಿ ಉಡುಪು, ಟೋಪಿ, ಗಂಡಸರದೇ ಕಾರುಬಾರು. ಹೆಂಗಸರು 1907ರಲ್ಲಿ ವಿಕ್ಟೋರಿಯಾದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು.

ಯುದ್ಧಾನಂತರ ತುಂಬಿ ತುಳುಕಿದ ಕ್ಲಬ್ಬುಗಳು ಸೊರಗಿದ್ದೇಕೆ? ಸದಸ್ಯರಿಗೆ ವಯಸ್ಸಾಯಿತು. ಶನಿವಾರವಿಡೀ ಆಟಕ್ಕೆ ಕೊಡಲು ಎಳೆಯ ಸಂಸಾರಗಳಿಗೆ ಪುರಸತ್ತಿರಲಿಲ್ಲ. ಈ ಶತಮಾನದ ಆರಂಭದ ಬರಗಾಲದಲ್ಲಿ ಹುಲ್ಲಿಗೆ ನೀರೂ ಇಲ್ಲವಾಯಿತು. ಊರ ನಡುವಿನ ಜಾಗಕ್ಕೆ ಬಂದ ಬೆಲೆಯನ್ನಂತೂ ಕೇಳಬೇಡಿ. ಆಗ ಬಾಗಿಲು ತೆರೆಯಿತು: ಬರಿಗಾಲಲ್ಲಿ ಬನ್ನಿ, ಯಾವ ಬಟ್ಟೆಯಾದರೂ ಸರಿ. ಔದಾರ್ಯಕ್ಕಿಂತ ಗತ್ಯಂತರವಿಲ್ಲದ್ದೇ ಕಾರಣವೆಂದು ನನ್ನ ಅನಿಸಿಕೆ. ಇರಲಿ, ಬಾಗಿಲು ತೆರೆದಿದೆಯಲ್ಲ.

ಆಟ ಮಕ್ಕಳಿಗೆ ಬೇಗ ಹಿಡಿಸುತ್ತದೆ. ಸುಮಾರು ಒಂದೂವರೆ ಕಿಲೋ ತೂಗುವ ಬೌಲ್ ನೆಟ್ಟಗೆ ಉರುಳುವುದಿಲ್ಲ. ಅದರ ಆಕಾರವೇ ಒಂದು ಬದಿಗೆ ವಾಲುವಂಥದ್ದು. ಚಿಕ್ಕ ಗುರುತಿರುವ ಬದಿಯನ್ನು ಒಳಕ್ಕೆ ಹಿಡಿದು, ಜ್ಯಾಕ್ ಎಂಬ ಪುಟ್ಟ ಚೆಂಡಿನ ಪಕ್ಕಕ್ಕೆ ಗುರಿಯಿಟ್ಟು ಬಿಟ್ಟರೆ, ವೇಗ ತಗ್ಗಿದಂತೆಲ್ಲ ಅದು ತಿರುಗಿಕೊಂಡು ಹತ್ತಿರ ಬರುತ್ತದೆ. ಹಾಸನದಿಂದ ಬಂದಿದ್ದ ನಮ್ಮ ಮಾವನವರು ಗುರುತನ್ನು ಹೊರಕ್ಕೆ ಹಿಡಿದು ಪಕ್ಕದವರ ಅಂಕಣಕ್ಕೇ ಕಳಿಸಿದರು. ಮೊಮ್ಮಗಳು ಸೊಂಟದ ಮೇಲೆ ಕೈಯಿಟ್ಟು ತಿದ್ದಿದಳು. ಅಜ್ಜ, ಮೊಮ್ಮಗಳು ಸರಿಸಮನಾಗಿ ಸೆಣಸುವ ಆಟ ಬೇರೆಷ್ಟಿವೆ? 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತದ ನಾಲ್ವರು ಮಹಿಳೆಯರು ದಕ್ಷಿಣ ಆಫ್ರಿಕವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದದ್ದನ್ನೂ ಮಗಳಿಗೆ ಹೇಳಿ.

ಒಂದು ಎಚ್ಚರ: ಬಹುತೇಕ ಕ್ಲಬ್ಬುಗಳಲ್ಲಿ ಬಾರ್ ಇರುತ್ತದೆ, ಕೆಲವೆಡೆ ಜೂಜಿನ ಯಂತ್ರಗಳೂ ಇವೆ. ಸೇರಿಸುವ ಮುನ್ನ ಒಮ್ಮೆ ನೀವೇ ಹೋಗಿ ನೋಡಿ. ಮಕ್ಕಳ ಕೈಗೊಪ್ಪುವ ಚಿಕ್ಕ ಬೌಲ್‌ಗಳಿವೆಯೇ ಎಂದೂ ವಿಚಾರಿಸಿ.