ಅಪ್ಪ ಅಮ್ಮನ ಜೊತೆ ಹೇಡ್ರಿಯನ್ ಗೋಡೆ: ಒಂದೇ ದಿನದಲ್ಲಿ ಏನು ನೋಡಬಹುದು?

ಪ್ರಶ್ನೆ: ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಉತ್ತರ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಿಂದ ಕಾರಲ್ಲಿ ಹೋಗಿ, ರೋಮನ್ ಚಕ್ರವರ್ತಿ ಹೇಡ್ರಿಯನ್ ಕಟ್ಟಿಸಿದ ಗೋಡೆ ತೋರಿಸಬೇಕು. ಇರೋದು ಒಂದೇ ದಿನ. ಅಮ್ಮನಿಗೆ ಮಂಡಿ ನೋವು. ಹೋಗಿ ಬಂದವರು ಹೇಳಿ.

ಉತ್ತರ: ಇಡೀ ಗೋಡೆ ನೋಡುವ ಆಸೆ ಬಿಡಿ. ನ್ಯೂಕ್ಯಾಸಲ್ ಪಕ್ಕದ ವಾಲ್ಸೆಂಡ್‌ನಿಂದ ಪಶ್ಚಿಮ ಕರಾವಳಿಯವರೆಗೆ ಸುಮಾರು 117 ಕಿ.ಮೀ. ಇದೆ, ಎಷ್ಟೋ ಕಡೆ ಕಲ್ಲೇ ಉಳಿದಿಲ್ಲ. 18ನೇ ಶತಮಾನದಲ್ಲಿ ಸೈನ್ಯಕ್ಕೆ ರಸ್ತೆ ಮಾಡುವಾಗ ಗೋಡೆಯನ್ನೇ ಕೆಡವಿ ಆ ಕಲ್ಲನ್ನು ರಸ್ತೆಯ ಕೆಳಗೆ ಹಾಕಿದರು. ನೀವು ಹೋಗುವ ಬಿ6318 ರಸ್ತೆ ಅದೇ! ಅಮ್ಮನಿಗೆ ಚೆಸ್ಟರ್ಸ್ ಒಳ್ಳೆಯದು. ಕುದುರೆ ಪಡೆಯ ಕೋಟೆ, ಬಹುತೇಕ ಸಮತಟ್ಟು. ನದಿ ಪಕ್ಕ ಸೈನಿಕರ ಸ್ನಾನಗೃಹ ಇದೆ. ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಸಾಲಾಗಿ ಗೂಡುಗಳಿವೆ, ನಮ್ಮ ಹಳೇ ಮನೆಗಳ ದೀಪದ ಗೂಡಿನ ಹಾಗೆ. ಅಲ್ಲಿಗೆ ಇಳಿಯುವಾಗ ಮಾತ್ರ ಅಮ್ಮನ ಕೈ ಹಿಡಿದುಕೊಳ್ಳಿ.

ಇನ್ನೊಂದು ಉತ್ತರ: ಚೆಸ್ಟರ್ಸ್ ಸರಿ, ಆದರೆ ಅಲ್ಲಿ ಗೋಡೆ ಕಾಣೋದು ಚೂರೇ ಚೂರು. ಗೋಡೆ ಬೇಕಂದ್ರೆ ಬರ್ಡೋಸ್ವಾಲ್ಡ್‌ಗೆ ಹೋಗಿ. ಸ್ವಲ್ಪ ದೂರ, ಆದರೆ ಕೋಟೆಯ ಪಕ್ಕದಲ್ಲೇ ಗೋಡೆ ಉದ್ದಕ್ಕೆ ನಿಂತಿದೆ, ಹತ್ತುವ ಕಷ್ಟ ಇಲ್ಲ. ಎಲ್ಲರೂ ಹೇಳುವ ಹೌಸ್‌ಸ್ಟೆಡ್ಸ್ ಕೋಟೆಗೆ ಹೋಗಲು ಕಾರು ನಿಲ್ಲಿಸಿ ಅರ್ಧ ಮೈಲಿಯಷ್ಟು ಏರು ಹತ್ತಬೇಕು. ಅಪ್ಪ ಗಟ್ಟಿಯಾಗಿದ್ದರೆ ಅವರನ್ನಷ್ಟೇ ಕರೆದುಕೊಂಡು ಹೋಗಿ. ಅಲ್ಲಿನ ಸಾಮೂಹಿಕ ಪಾಯಿಖಾನೆ ನೋಡಲೇಬೇಕು. ಕೋಟೆಯ ತೀರಾ ತಗ್ಗಿನ ಮೂಲೆಯಲ್ಲಿ ಕಟ್ಟಿದ್ದಾರೆ. ಮೇಲಿಂದ ಹರಿದು ಬಂದ ಮಳೆ ನೀರು ಕೊಳೆಯನ್ನೆಲ್ಲ ತೊಳೆದುಕೊಂಡು ಹೋಗಬೇಕು, ಅದಕ್ಕೆ. ಗುಡ್ಡದ ಮೇಲೆ ಹನಿ ನೀರನ್ನೂ ಲೆಕ್ಕ ಹಾಕಿದ್ದಾರೆ ಅಲ್ವಾ! ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದರೆ ಒಂದು ಪುಟ್ಟ ಕಾವಲು ಕೋಟೆ ಸಿಗುತ್ತದೆ. ರೋಮನ್ ಮೈಲಿಗೊಂದು ಹೀಗೆ ಕಟ್ಟಿದ್ದರು, ನಡುವೆ ಎರಡೆರಡು ಗೋಪುರ. ಫೋಟೋಗಳಲ್ಲಿ ಕಾಣುವ, ಎರಡು ದಿಬ್ಬಗಳ ನಡುವೆ ನಿಂತಿದ್ದ ಸಿಕಮೋರ್ ಗ್ಯಾಪ್‌ನ ಆ ಒಂಟಿ ಮರ ಹುಡುಕಬೇಡಿ, 2023ರಲ್ಲಿ ಕಡಿದು ಹಾಕಿದರು.

ಮತ್ತೊಬ್ಬರು: ವಿಂಡೊಲಾಂಡ ಬಿಡಬೇಡಿ. ಗೋಡೆ ಕಟ್ಟಲು ಶುರುವಾಗಿದ್ದು ಕ್ರಿ.ಶ. 122ರಲ್ಲಿ, ಈ ಕೋಟೆ ಅದಕ್ಕೂ ಹಳೆಯದು. ಇಲ್ಲಿನ ಒದ್ದೆ ಮಣ್ಣಲ್ಲಿ ತೆಳು ಮರದ ಹಲಗೆ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳು ಸಿಕ್ಕಿವೆ. ಕ್ಲಾಡಿಯಾ ಸೆವೆರಾ ಎಂಬಾಕೆ ಗೆಳತಿ ಲೆಪಿಡಿನಾಳನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದ ಪತ್ರ ಹೇಳಿದರೆ ಅಮ್ಮನಿಗೆ ಖಂಡಿತ ಇಷ್ಟವಾಗುತ್ತದೆ. ಕೋಟೆ ಮೇಲೆ, ಮ್ಯೂಸಿಯಂ ಕೆಳಗೆ ಹಳ್ಳದ ಹತ್ತಿರ. ಹಾಗಾಗಿ ಅಮ್ಮನನ್ನು ಸುಮ್ನೆ ಎರಡೂ ಕಡೆ ನಡೆಸಬೇಡಿ, ಮ್ಯೂಸಿಯಂ ಒಂದೇ ಸಾಕು. ಚೆಸ್ಟರ್ಸ್‌ನಂಥ ಕೋಟೆಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಸದಸ್ಯರ ಕಾರ್ಡ್ ಇಲ್ಲಿ ನಡೆಯೋದಿಲ್ಲ, ಬೇರೆ ಟಿಕೆಟ್. ಬೇಸಿಗೆಯಲ್ಲೂ ಗಾಳಿ ಜಾಸ್ತಿ, ಸೀರೆ ಮೇಲೆ ದಪ್ಪ ಜಾಕೆಟ್ ಹಾಕಿಸಿ.